ಇದ್ದಿಲಲ್ಲಿ ಬರೆದ ನಾಯಿ: ನಾಲ್ಕರಲ್ಲಿ ಯಾವುದು ಮನೆಗೆ?

ಮಿಶಿಗನ್‌ನಲ್ಲಿರುವ ಗೆಳತಿಯೊಬ್ಬರು ಒಂದು ಶನಿವಾರ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಮೂರು ಫೋಟೋ ಕಳಿಸಿದರು. ಮೂರರಲ್ಲೂ ನಾಯಿ, ಮೂರೂ ಕಪ್ಪು ಬಿಳುಪು. ಕೆಳಗೆ ಒಂದೇ ಸಾಲು: "ನಾನೂರು ಡಾಲರ್ ಎತ್ತಿಟ್ಟಿದೀನಿ. ಯಾವ್ದು ತಗೊಳ್ಳಲಿ, ಬೇಗ ಹೇಳಿ."

ಮೊದಲನೆಯದು ಆಂಟಿಕ್ ಮಾಲ್ ಒಂದರ, ಅಂದರೆ ಹಳೇ ವಸ್ತು ಮಾರುವವರೆಲ್ಲ ಒಂದೇ ಸೂರಿನಡಿ ಇರುವ ಜಾಗದ, ಅಂಗಡಿಯಲ್ಲಿ ಕಂಡದ್ದು. ಸೆಟ್ಟರ್ ತಳಿಯ ನಾಯಿಯ ತಲೆ, ಇದ್ದಿಲಲ್ಲಿ ಬರೆದದ್ದು. ಬಲಗಡೆ ಕೆಳಗೆ ಅರ್ಧಂಬರ್ಧ ಓದಲು ಬರುವ ಸಹಿ, ಅದರ ಪಕ್ಕ 'ಟೊಲಿಡೊ, 1931'. ಬೆಲೆ 325 ಡಾಲರ್. ಎರಡನೆಯದೂ ಅದೇ ಮಾಲ್‌ನದು. ಮೊಟ್ಟೆಯಾಕಾರದ ಫ್ರೇಮು, ಉಬ್ಬಿದ ಗಾಜು, ಒಳಗೆ ಒಬ್ಬ ಹುಡುಗ ಮತ್ತು ಅವನಷ್ಟೇ ಎತ್ತರಕ್ಕೆ ಕೂತ ನಾಯಿ. ಅದೂ ಇದ್ದಿಲಂತೆ. 180 ಡಾಲರ್. ಮೂರನೆಯದು ಆನ್‌ಲೈನ್ ಹರಾಜಿನಲ್ಲಿತ್ತು. ಮಾರ್ಗರೀಟ್ ಕರ್ಮ್ಸ್ ಅವರ ಸ್ಕಾಟಿ ನಾಯಿಗಳ ಎಚಿಂಗ್ (ತಾಮ್ರದ ತಗಡಿನ ಮೇಲೆ ಸೂಜಿಯಲ್ಲಿ ಗೀರಿ ಕಾಗದಕ್ಕೆ ಅಚ್ಚು ಹಾಕಿದ ಚಿತ್ರ), ಕೆಳಗೆ ಪೆನ್ಸಿಲ್ ಸಹಿ. 260ರ ಆಸುಪಾಸಿಗೆ ಸಿಗುವ ಲಕ್ಷಣ.

ನಾನಿರುವುದು ಒಹಾಯೊದಲ್ಲಿ. ಶುಕ್ರವಾರ ಬೆಳಿಗ್ಗೆ ಎಸ್ಟೇಟ್ ಸೇಲ್‌ಗಳ, ಅಂದರೆ ಮನೆಯೊಂದರ ಸಾಮಾನೆಲ್ಲ ಮಾರಿ ಖಾಲಿ ಮಾಡುವ ಮಾರಾಟಗಳ, ಬಾಗಿಲಲ್ಲಿ ಚೀಟಿ ಹಿಡಿದು ಸಾಲಲ್ಲಿ ನಿಲ್ಲುವ ಚಟ ನನಗೆ ಹಳೆಯದು. ಹಾಗಾಗಿ ಇಂಥ ಫೋಟೋಗಳು ಆಗಾಗ ಬರುತ್ತವೆ. ಆದರೆ ಬೇಗ ಹೇಳಿ ಅಂದರೆ ಹೇಗೆ? ಫೋನಿನ ಪರದೆ ಮೇಲೆ ಎಲ್ಲ ನಾಯಿಯೂ ಚಂದವೇ. ನೋಡಬೇಕಾದ್ದು ಏನು ಅಂತ ಬರೆದು ಕಳಿಸಿದೆ. ಅದನ್ನೇ ಸ್ವಲ್ಪ ಹಿಗ್ಗಿಸಿ, ನಾಲ್ಕನೆಯ ದಾರಿಯೊಂದನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ. ನಾಲ್ಕನೆಯದು ಅಂದರೆ ಹಳೆಯದನ್ನು ಬಿಟ್ಟು, ನಿಮ್ಮ ಮನೆಯ ನಾಯಿಯದೇ ಚಿತ್ರ ಬರೆಸಿಕೊಳ್ಳುವುದು.

ಮೊದಲು ಅಳತೆಗೋಲು

ಚಿತ್ರ ಯಾಕೆ ಬೇಕು ಅನ್ನುವುದು ಮೊದಲ ಪ್ರಶ್ನೆ. ದಿನಾ ಕಣ್ಣಿಗೆ ಬೀಳಲಿ ಅಂತಲೋ, ಯಾರಿಗಾದರೂ ಉಡುಗೊರೆ ಕೊಡೋಕೋ, ಸಂಗ್ರಹ ಶುರು ಮಾಡೋಕೋ? ಮುಂದೆ ಮಾರಿ ಲಾಭ ಮಾಡುವ ಆಸೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ, ಈ ಬೆಲೆಯಲ್ಲಿ ಅದು ಆಗದ ಮಾತು. ಕೊಳ್ಳುವಾಗ ಹರಾಜಿನವರು ಒಂದು ಪಾಲು ತಗೊಳ್ಳುತ್ತಾರೆ, ಮಾರುವಾಗ ಇನ್ನೊಂದು ಪಾಲು. ನಡುವೆ ಫ್ರೇಮಿನವನ ಬಿಲ್ಲು ಬೇರೆ.

ಎರಡನೆಯದು, ಕೈಯಲ್ಲಿ ಬರೆದದ್ದೋ ಅಚ್ಚಾದದ್ದೋ. ಇದಕ್ಕೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಹತ್ತು ಹದಿನೈದು ಡಾಲರ್ ಅಷ್ಟೇ. ಇದ್ದಿಲಿನ ಪುಡಿ ಕಾಗದದ ಉಬ್ಬುಗಳ ಮೇಲೆ ಕೂತಿರುತ್ತದೆ, ತಗ್ಗುಗಳು ಬೆಳ್ಳಗೆ ಉಳಿದಿರುತ್ತವೆ. ಆ ಕಣಗಳಿಗೆ ಸಾಲಿಲ್ಲ, ಲೆಕ್ಕವಿಲ್ಲ, ರಾಗಿ ಹಿಟ್ಟು ಚೆಲ್ಲಿದ ಹಾಗೆ. ಅಚ್ಚಿನ ಚಿತ್ರದಲ್ಲಿ ಚುಕ್ಕೆಗಳು ರಂಗೋಲಿ ಚುಕ್ಕೆಯಂತೆ ಸಾಲಾಗಿ ನಿಂತಿರುತ್ತವೆ. ಕಾಲೋಟೈಪ್ ಅನ್ನುವ ಹಳೇ ಅಚ್ಚಿನಲ್ಲಿ ಸಾಲು ಚುಕ್ಕೆ ಇರುವುದಿಲ್ಲ, ಹುಳ ಹರಿದಂಥ ಸಣ್ಣ ಸುಕ್ಕುಗಳು ಕಾಣುತ್ತವೆ. ತುಂಬಾ ಮೋಸ ಮಾಡುವುದು ಲಿಥೋಗ್ರಾಫ್. ಕಲ್ಲಿನ ಮೇಲೆ ಮೇಣದ ಕಡ್ಡಿಯಲ್ಲಿ ಬರೆದು ಅಚ್ಚು ಹಾಕುವುದರಿಂದ ಅದಕ್ಕೂ ಇದ್ದಿಲಿನಂಥದೇ ತರಿ ಇರುತ್ತದೆ. ಆಗ ಮ್ಯಾಟ್‌ನ, ಅಂದರೆ ಚಿತ್ರದ ಸುತ್ತ ಇರುವ ರಟ್ಟಿನ ಕಿಟಕಿಯ, ಕೆಳಗಿನ ಅಂಚನ್ನು ನೋಡಿ. ಇದ್ದಿಲಾದರೆ ವರ್ಷಗಟ್ಟಲೆ ಉದುರಿದ ಕಪ್ಪು ಪುಡಿ ಅಲ್ಲಿ ಸಣ್ಣಗೆ ಕೂತಿರುವುದುಂಟು. ಶಾಯಿ ಉದುರುವುದಿಲ್ಲ. ಬೆರಳಿಂದ ಉಜ್ಜಿ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ. ಅಸಲಿ ಆಗಿದ್ದರೆ ನಾಯಿಯ ಮೂಗು ನಿಮ್ಮ ಬೆರಳಿಗೆ ಬರುತ್ತದೆ.

ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಕೆಲವು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 'ಇದ್ದಿಲಿನ ಮೂಲ ಚಿತ್ರ' ಅಂತ ಹೇಳಿ ಮಾರುತ್ತಿದ್ದ ಪಾಯಿಂಟರ್ ನಾಯಿಯೊಂದನ್ನು ಕೊಂಡೆ. ಮನೆಗೆ ಬಂದಮೇಲೆ ಭೂತಗನ್ನಡಿ ಹಿಡಿದರೆ ಸಾಲು ಸಾಲು ಚುಕ್ಕೆ. ಕ್ಯಾಲೆಂಡರ್ ಹಾಳೆಯನ್ನು ನೀಟಾಗಿ ಕತ್ತರಿಸಿ ಫ್ರೇಮು ಹಾಕಿಸಿದ್ದರು. ಫೋಟೋದಲ್ಲಿ ಗಾಜಿನ ಹೊಳಪು ಎಲ್ಲ ಮುಚ್ಚಿತ್ತು. ಅಂದಿನಿಂದ ಗಾಜಿಲ್ಲದೆ, ಹತ್ತಿರದಿಂದ ತೆಗೆದ ಫೋಟೋ ಕಳಿಸಿ ಅಂತ ಕೇಳುತ್ತೇನೆ. ಕಳಿಸದವರ ಹತ್ತಿರ ಕೊಳ್ಳುವುದಿಲ್ಲ.

ಮೂರನೆಯದು ಕಾಗದ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಜನ ನೋಡದೆ ಬಿಡುವುದೂ ಇದನ್ನೇ. ಇದ್ದಿಲು ಅಂದರೆ ಇಂಗಾಲ. ಬೆಳಕಿಗೆ ಅದರ ಬಣ್ಣ ಹೋಗುವುದಿಲ್ಲ. ಅದು ಕೂತಿರುವ ಕಾಗದ ಹಾಳಾಗುತ್ತದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಅಗ್ಗದ ಕಾಗದ ಎಲ್ಲ ಕಡೆ ಬಂತು. ಅದರೊಳಗಿನ ಆಮ್ಲ ನಿಧಾನಕ್ಕೆ ಕಾಗದವನ್ನು ಕಂದು ಮಾಡುತ್ತದೆ, ಕೊನೆಗೆ ಮೂಲೆ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಬಟ್ಟೆ ಚಿಂದಿಯಿಂದ ಮಾಡಿದ ಒಳ್ಳೆ ಕಾಗದಕ್ಕೆ ಈ ರೋಗ ಕಡಿಮೆ. ಇದ್ದಿಲಿಗೆಂದೇ ಮಾಡಿದ ಕಾಗದದಲ್ಲಿ ಸಣ್ಣ ಗೆರೆಗಳ ತರಿ ಇರುತ್ತದೆ. ಬೆಳಕಿಗೆ ಹಿಡಿದಾಗ ಮಿಶಾಲೆ (Michallet) ಅಥವಾ ಆಂಗ್ರ್ (Ingres) ಅನ್ನುವ ನೀರಚ್ಚು ಕಂಡರೆ ಬರೆದವರಿಗೆ ಕಾಗದದ ಮೇಲೆ ದುಡ್ಡು ಹಾಕುವ ಅಭ್ಯಾಸ ಇತ್ತು ಅಂತ ಲೆಕ್ಕ. ಮ್ಯಾಟ್ ಕಿಟಕಿಯ ಅಂಚಿಗೆ ಕಂದು ಗೆರೆ ಎದ್ದಿದ್ದರೆ ಅದು ಅಗ್ಗದ ರಟ್ಟಿನ ಸುಟ್ಟ ಗುರುತು. ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಇದ್ದರೆ ಎಲ್ಲೋ ತೇವ ಕುಡಿದಿದೆ. ಇವೆರಡೂ ಸ್ವಲ್ಪ ಇದ್ದರೆ ಪರವಾಗಿಲ್ಲ. ನಾಯಿಯ ಮುಖದ ಮೇಲೆ ಇದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ.

ಆಮೇಲೆ ಹೆಸರು, ಊರು, ಇಸವಿ. ಕಡೆಯದು ಒಟ್ಟು ಖರ್ಚು. ಚೀಟಿಯ ಮೇಲಿನ ಬೆಲೆಯೇ ಪೂರ್ತಿ ಬೆಲೆ ಅಂದುಕೊಂಡವರೆಲ್ಲ ಆಮೇಲೆ ನನಗೆ ಫೋನ್ ಮಾಡಿದ್ದಾರೆ.

ಟೊಲಿಡೊದ ಸೆಟ್ಟರ್

ಈಗ ಮೊದಲನೆಯ ಚಿತ್ರ. ಒಹಾಯೊದ ಟೊಲಿಡೊ ಅನ್ನುವ ಊರಿನ ಹೆಸರೇ ಇಲ್ಲಿ ಅರ್ಧ ಕಥೆ ಹೇಳುತ್ತದೆ. ಬೇಟೆನಾಯಿಗಳ ಚಿತ್ರಕ್ಕೆ ಅಮೆರಿಕದಲ್ಲೇ ದೊಡ್ಡ ಹೆಸರಾದ ಎಡ್ಮಂಡ್ ಓಸ್ಟ್‌ಹೌಸ್ ನೆಲೆಸಿದ್ದು ಅಲ್ಲಿ. ಹುಟ್ಟಿದ್ದು 1858ರಲ್ಲಿ ಜರ್ಮನಿಯಲ್ಲಿ, ತೀರಿಕೊಂಡಿದ್ದು 1928ರಲ್ಲಿ. ಟೊಲಿಡೊದ ಕಲಾಶಾಲೆಯಲ್ಲಿ ಪಾಠ ಹೇಳಿದವರು. ಸೆಟ್ಟರ್, ಪಾಯಿಂಟರ್ ಅಂದರೆ ಅವರ ಕೈ. ಮದ್ದುಗುಂಡು ಮಾಡುತ್ತಿದ್ದ ಡುಪಾಂಟ್ ಕಂಪನಿ ಅವರ ನಾಯಿಗಳನ್ನು ಜಾಹೀರಾತಿಗೆ ಅಚ್ಚು ಹಾಕಿಸಿತ್ತು. ಬೇಟೆಗಾರರಿಗೆ ಮದ್ದು ಮಾರಬೇಕಾದರೆ ಅವರ ನಾಯಿ ತೋರಿಸಬೇಕು, ಅಲ್ವಾ? ಅವರ ತೈಲಚಿತ್ರ, ಜಲವರ್ಣಗಳು ಇವತ್ತು ಸಾವಿರಗಟ್ಟಲೆ ಡಾಲರ್‌ಗೆ ಹೋಗುತ್ತವೆ. ನಮ್ಮ 400ರ ಮಾತಲ್ಲ.

ಆದರೆ ಇಂಥ ಒಬ್ಬರು ಇದ್ದ ಊರಲ್ಲಿ ಅವರ ಪಾಠ ಕೇಳಿದವರು, ಅವರನ್ನು ನೋಡಿ ಬರೆದವರು, ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರುಗಳು, ಅಂಗಡಿ ಬೋರ್ಡು ಬರೆಯುತ್ತ ಭಾನುವಾರ ನಾಯಿ ಬರೆದವರು ಇದ್ದೇ ಇರುತ್ತಾರೆ. ಗೆಳತಿಯ ಚಿತ್ರ ಅಂಥದ್ದು. 1931 ಅಂದರೆ ಓಸ್ಟ್‌ಹೌಸ್ ತೀರಿಕೊಂಡು ಮೂರು ವರ್ಷ. ಅಂಗಡಿಯವರು 'ಓಸ್ಟ್‌ಹೌಸ್ ಪಂಥ' ಅಂತ ಚೀಟಿ ಅಂಟಿಸಿದ್ದರಂತೆ. ಆ ಚೀಟಿಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ ಅಂದೆ. ಸಹಿ ಯಾರದೋ ಅವರ ಬೆಲೆ ಕೊಟ್ಟರೆ ಸಾಕು.

ಆ ಸಹಿ ಯಾರದು ಅಂತ ಹುಡುಕುವ ದಾರಿ ಇದೆ, ಅದೂ ಪುಕ್ಕಟೆ. ಅಮೆರಿಕದ ಜನಗಣತಿ ಕಾಗದಗಳನ್ನು 72 ವರ್ಷದ ಬಳಿಕ ತೆರೆಯುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ಅಲ್ಲಿ ಹೆಸರಿನ ಮುಂದೆ ಕಸುಬು ಬರೆದಿರುತ್ತದೆ: ಆರ್ಟಿಸ್ಟ್, ಟೀಚರ್, ಸೈನ್ ಪೇಂಟರ್. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ಥಳೀಯ ಇತಿಹಾಸಕ್ಕೇ ಒಂದು ಕೋಣೆ ಇರುವುದುಂಟು. ಅಲ್ಲಿನ ಸಿಬ್ಬಂದಿಗೆ ಇಂಥ ಪ್ರಶ್ನೆ ಅಂದರೆ ಹಬ್ಬ. ಒಹಾಯೊ ಕಲಾವಿದರಿಗಾದರೆ ಕ್ಲೀವ್‌ಲ್ಯಾಂಡ್ ಮ್ಯೂಸಿಯಂ ಆಫ್ ಆರ್ಟ್ 1919ರಿಂದ 1993ರವರೆಗೆ ನಡೆಸಿದ 'ಮೇ ಶೋ' ಪಟ್ಟಿಗಳನ್ನೂ ನೋಡಬಹುದು. ಆ ಭಾಗದ ಕಲಾವಿದರಿಗೆಂದೇ ಇದ್ದ ಪ್ರದರ್ಶನ ಅದು. ಅದರಲ್ಲಿ ಹೆಸರು ಸಿಕ್ಕರೆ 325 ಡಾಲರ್ ಅಗ್ಗ. ಸಿಗದಿದ್ದರೂ ಚಿತ್ರ ಚೆನ್ನಾಗಿದ್ದರೆ ದುಬಾರಿ ಅಂತ ನಾನು ಹೇಳುವುದಿಲ್ಲ.

ಇಸವಿ ನಿಜವೋ ಅಂತ ನೋಡಲು ಫ್ರೇಮನ್ನು ತಿರುಗಿಸಿ. ನನಗಂತೂ ಮುಂಭಾಗಕ್ಕಿಂತ ಹಿಂಭಾಗ ನೋಡುವುದೇ ಜಾಸ್ತಿ ಖುಷಿ. ಫ್ರೇಮು ಹಾಕಿದ ಅಂಗಡಿಯ ಲೇಬಲ್ ಇದ್ದರೆ ವಿಳಾಸ ಓದಿ. ನಮ್ಮ ಪಿನ್‌ಕೋಡಿನಂಥ ಐದಂಕಿಯ ಜಿಪ್ ಕೋಡ್ ಬಂದಿದ್ದು 1963ರಲ್ಲಿ. ಊರಿನ ಹೆಸರಿನ ಮುಂದೆ ಬರೀ ಒಂದೆರಡು ಅಂಕಿ ಇದ್ದರೆ ಅದು 1943ರಿಂದ 1963ರ ನಡುವಿನದು. ಅಂಕಿಯೇ ಇಲ್ಲದಿದ್ದರೆ ಇನ್ನೂ ಹಳೆಯದಿರಬಹುದು. ಹಿಂದೆ ಬಾಲ್‌ಪೆನ್ನಿನಲ್ಲಿ ಏನಾದರೂ ಬರೆದಿದ್ದರೆ ಆ ಬರಹ 1945ಕ್ಕಿಂತ ಹಿಂದಿನದಲ್ಲ, ಅಮೆರಿಕದ ಅಂಗಡಿಗಳಿಗೆ ಬಾಲ್‌ಪೆನ್ ಬಂದಿದ್ದೇ ಆ ವರ್ಷ. ಇನ್ನೊಂದು ಉಪಾಯ, ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚ್. ಬೆಳ್ಳಗೆ ಕಾಣಲಿ ಅಂತ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದು ಸುಮಾರು 1950ರಿಂದ ಈಚೆಗೆ ಬಂದದ್ದು. 1931 ಅಂತ ಬರೆದ ಕಾಗದ ಕತ್ತಲಲ್ಲಿ ಆ ಟಾರ್ಚಿಗೆ ನೀಲಿಯಾಗಿ ಫಳಫಳ ಹೊಳೆದರೆ ನಮಸ್ಕಾರ ಹೇಳಿ ಹೊರಬನ್ನಿ.

ಹಿಂದೆ 'ಫೆಡರಲ್ ಆರ್ಟ್ ಪ್ರಾಜೆಕ್ಟ್' ಅನ್ನುವ ಮೊಹರು ಕಂಡರೂ ಹುಷಾರು. 1935ರಿಂದ 1943ರವರೆಗೆ ಸರ್ಕಾರ ಸಂಬಳ ಕೊಟ್ಟು ಕಲಾವಿದರಿಂದ ಬರೆಸಿದ ಕೆಲಸ ಅದು. ಅಂಥವು ಇನ್ನೂ ಸರ್ಕಾರದ ಸ್ವತ್ತು ಅನ್ನುವುದು ಅವರ ನಿಲುವು, ವಾಪಸ್ ಕೇಳಿದ್ದೂ ಉಂಟು.

ಖರ್ಚು ನೋಡೋಣ. ಆಂಟಿಕ್ ಮಾಲ್‌ಗಳಲ್ಲಿ ಹತ್ತು ಪರ್ಸೆಂಟ್ ಬಿಡುವುದು ವಾಡಿಕೆ, ಕೇಳಲು ನಾಚಿಕೆ ಬೇಡ. 325 ಇದ್ದದ್ದು 290ಕ್ಕೆ ಬಂತು ಅಂದುಕೊಳ್ಳಿ. ಮಿಶಿಗನ್‌ನ ಆರು ಪರ್ಸೆಂಟ್ ತೆರಿಗೆ ಸೇರಿ 307. ಆದರೆ ಹಳೇ ಮ್ಯಾಟ್ ತೆಗೆಸಿ ಆಮ್ಲವಿಲ್ಲದ ಮ್ಯಾಟ್, ಬಿಸಿಲು ತಡೆಯುವ ಗಾಜು ಹಾಕಿಸಿದರೆ, ಹಳೇ ಫ್ರೇಮನ್ನೇ ಉಳಿಸಿಕೊಂಡರೂ, ಇನ್ನೂ 150 ಹೋಗಬಹುದು. 400 ದಾಟಿತು. ಅದಕ್ಕೆ ನಾನು ಹೇಳಿದ್ದು: ಈ ತಿಂಗಳು ಚಿತ್ರ, ಮುಂದಿನ ತಿಂಗಳು ಫ್ರೇಮು. ತೊಂಬತ್ತು ವರ್ಷ ಆ ರಟ್ಟಿನ ಜೊತೆ ಕಳೆದ ನಾಯಿ ಇನ್ನೊಂದು ತಿಂಗಳು ಕಾಯುತ್ತದೆ.

ಮೊಟ್ಟೆ ಫ್ರೇಮಿನ ಹುಡುಗ ಮತ್ತು ನಾಯಿ

ಇದು ನೋಡಿದ ತಕ್ಷಣ ಮನಸ್ಸು ಕರಗಿಸುವ ಚಿತ್ರ. ಅದಕ್ಕೇ ಎಚ್ಚರ ಬೇಕು. 19ನೇ ಶತಮಾನದ ಕೊನೆಯಿಂದ 20ನೆಯದರ ಆರಂಭದವರೆಗೆ ಅಮೆರಿಕದಲ್ಲಿ 'ಕ್ರೇಯಾನ್ ಪೋರ್ಟ್ರೇಟ್' ಅನ್ನುವ ದೊಡ್ಡ ವ್ಯಾಪಾರ ಇತ್ತು. ಏಜೆಂಟುಗಳು ಹಳ್ಳಿ ಹಳ್ಳಿಗೆ ಬಂದು ಮನೆಯಲ್ಲಿದ್ದ ಚಿಕ್ಕ ಫೋಟೋ ಇಸಕೊಳ್ಳುತ್ತಿದ್ದರು. ಸ್ಟುಡಿಯೋದಲ್ಲಿ ಅದನ್ನು ದೊಡ್ಡ ಕಾಗದದ ಮೇಲೆ ತೆಳುವಾಗಿ ಹಿಗ್ಗಿಸಿ, ಮೇಲೆ ಇದ್ದಿಲು, ಚಾಕ್, ಪೇಸ್ಟಲ್ ಹಚ್ಚುತ್ತಿದ್ದರು. ಫ್ರೇಮಿನ ಜೊತೆ ವಾಪಸ್ ಬರುತ್ತಿತ್ತು. ನಮ್ಮ ಕಡೆ ಅಜ್ಜನ ಫೋಟೋಗೆ ಸ್ಟುಡಿಯೋದವರು ಪೇಟ, ಕೋಟು ತಿದ್ದಿ ದೊಡ್ಡದು ಮಾಡಿ ಕೊಡುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೆ.

ಅಂದರೆ ಅಡಿಯಲ್ಲಿ ಫೋಟೋ, ಮೇಲೆ ಇದ್ದಿಲು. ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ: ಹುಡುಗನ ಕಣ್ಣು, ಮೂಗಿನ ಸುತ್ತ ತರಿಯೇ ಇಲ್ಲದ ನುಣುಪಾದ ನೆರಳು, ಕೂದಲು ಮತ್ತು ಹಿನ್ನೆಲೆಯಲ್ಲಿ ಮಾತ್ರ ಕೈಯ ಗೆರೆ. ಇದು ಮೋಸ ಏನಲ್ಲ, ಆ ಕಾಲದ ಪದ್ಧತಿ. ಆದರೆ 'ಇದ್ದಿಲಿನ ಮೂಲ ಚಿತ್ರ' ಅನ್ನುವ ಬೆಲೆ ಇದಕ್ಕೆ ಸಲ್ಲದು.

ನಿಜವಾದ ತೊಡಕು ಕಾಗದ. ಇವನ್ನು ಆಮ್ಲ ತುಂಬಿದ ರಟ್ಟಿಗೆ ಅಂಟಿಸಿರುವುದೇ ಹೆಚ್ಚು. ಫ್ರೇಮಿನ ಉಬ್ಬಿಗೆ ತಕ್ಕಂತೆ ರಟ್ಟೂ ಉಬ್ಬಿರಬಹುದು. ಒಂದು ಬಿರುಕು ಬಿದ್ದರೆ ಚಿತ್ರದ ಅಡ್ಡಕ್ಕೆ ಓಡುತ್ತದೆ. ಉಬ್ಬಿದ ಗಾಜು ಒಡೆದರೆ ಹೊಂದುವ ಇನ್ನೊಂದು ಗಾಜು ಸಿಗುವುದು ಪಾಡು. ಕಾಗದ ರಿಪೇರಿ ಮಾಡುವ ಪರಿಣತರ ಹತ್ತಿರ ಹೋದರೆ ಚಿತ್ರದ ಬೆಲೆಗಿಂತ ಬಿಲ್ಲೇ ಜಾಸ್ತಿ. ಕೊಳ್ಳುವಾಗ 191 ಡಾಲರ್‌ನಲ್ಲಿ ಮುಗಿಯುತ್ತದೆ, ಸಾಕುವುದು ಕಷ್ಟ.

ಹಾಗಂತ ಬೇಡ ಅನ್ನುವುದಿಲ್ಲ. ನಾಯಿ ಮತ್ತು ಮಗು ಒಟ್ಟಿಗೆ ಇರುವುದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಚಿತ್ರದ ಕಥೆ ಇಷ್ಟವಾಗಿ, ಬಿಸಿಲು ಬೀಳದ ಒಳಗೋಡೆ ಇದ್ದು, ಮುಟ್ಟದೆ ಸುಮ್ನೆ ನೇತುಹಾಕಿ ಬಿಡುವ ತಾಳ್ಮೆ ಇದ್ದರೆ ತಗೊಳ್ಳಿ. ಚಿಕ್ಕ ಮಕ್ಕಳು ಚೆಂಡಾಡುವ ಹಾಲ್‌ಗಾದರೆ ಬೇಡ.

ಹೆಸರಾದವರ ಎಚಿಂಗ್

ಮಾರ್ಗರೀಟ್ ಕರ್ಮ್ಸ್ ಇಂಗ್ಲೆಂಡಿನಲ್ಲಿ ಹುಟ್ಟಿ 1910ರಲ್ಲಿ ಅಮೆರಿಕಕ್ಕೆ ಬಂದವರು. ಸ್ಕಾಟಿಷ್ ಟೆರಿಯರ್ ಅಂದರೆ ಅವರೇ ಅನ್ನುವಷ್ಟು ಹೆಸರು. ಲ್ಯಾಸ್ಸಿ ಅನ್ನುವ ನಾಯಿಯ ಕಾದಂಬರಿ 1940ರಲ್ಲಿ ಮೊದಲು ಬಂದಾಗ ಅದಕ್ಕೆ ಚಿತ್ರ ಬರೆದವರೂ ಅವರೇ. ಇದೇ ಸಾಲಿನಲ್ಲಿ ಬಾಸ್ಟನ್‌ನ ಬರ್ಟ್ ಕಾಬ್, ಮಾರ್ಗನ್ ಡೆನಿಸ್, ಫಿಲಡೆಲ್ಫಿಯಾದ ಎಡ್ವಿನ್ ಮೆಗಾರ್ಜಿ ಇದ್ದಾರೆ. ಇವರ ಎಚಿಂಗ್‌ಗಳು ಒಂದೆರಡು ನೂರು ಡಾಲರ್‌ಗೆ ಆಗಾಗ ಮಾರುಕಟ್ಟೆಗೆ ಬರುತ್ತವೆ.

ಅನುಕೂಲ ಏನಂದರೆ ತಲೆನೋವು ಕಡಿಮೆ. ಹೆಸರು ಗೊತ್ತು, ಹಿಂದಿನ ಹರಾಜಿನ ಬೆಲೆ ನೋಡಿಕೊಳ್ಳಬಹುದು, ಶಾಯಿ ಉದುರುವುದಿಲ್ಲ, ನಾಳೆ ಮಾರಬೇಕಾದರೆ ಕೊಳ್ಳುವವರು ಇದ್ದಾರೆ. ಅಸಲಿ ಎಚಿಂಗ್‌ನಲ್ಲಿ ಚಿತ್ರದ ಸುತ್ತ ತಾಮ್ರದ ತಗಡು ಒತ್ತಿದ ಗುರುತು ಕಾಣಬೇಕು. ಪುಸ್ತಕದಿಂದ ಕತ್ತರಿಸಿದ ಹಾಳೆಗೆ ಅದು ಇರುವುದಿಲ್ಲ. ಪೆನ್ಸಿಲ್ ಸಹಿ ಓರೆ ಬೆಳಕಿಗೆ ಮಿನುಗಬೇಕು. ಅಂಚು ಕತ್ತರಿಸಿದ್ದರೆ ಬೆಲೆ ಕಡಿಮೆ.

ಆದರೆ ಇದು ಇದ್ದಿಲಲ್ಲ. ಸೂಜಿಯಲ್ಲಿ ಗೀರಿದ ಗೆರೆ ಚುರುಕು, ಚೊಕ್ಕ. ಇದ್ದಿಲಿನ ನಾಯಿಯಲ್ಲಿ ಕಿವಿಯ ಹಿಂದಿನ ಮೆತ್ತನೆ ರೋಮಕ್ಕೆ ಬರೆದವರು ಹೆಬ್ಬೆರಳು ಉಜ್ಜಿರುತ್ತಾರೆ, ಕಣ್ಣಿನ ಹೊಳಪಿಗೆ ಕಪ್ಪನ್ನು ಕಿತ್ತು ಬಿಳಿ ತೆಗೆದಿರುತ್ತಾರೆ. ಹಿಂದೆ ರಬ್ಬರ್ ಬದಲು ಬ್ರೆಡ್ಡಿನ ಮೆತ್ತನೆ ತಿರುಳಿಂದ ಒರೆಸುತ್ತಿದ್ದರು. (ಹಳೇ ಚಿತ್ರದ ಕೊಳೆ ತೆಗೆಯಲು ನೀವು ಅದನ್ನು ಮಾಡಬೇಡಿ!) ಆ ಒಂದು ಹಾಳೆ ಒಂದೇ. ಎಚಿಂಗ್ ಆದರೆ ಅದೇ ಸ್ಕಾಟಿ ಇನ್ನೂ ನೂರಾರು ಮನೆಗಳಲ್ಲಿ ಕೂತಿರುತ್ತದೆ. ಕೆಲವರಿಗೆ ಅದು ಏನೂ ಅನ್ನಿಸುವುದಿಲ್ಲ, ನನಗೆ ಅನ್ನಿಸುತ್ತದೆ.

ಖರ್ಚು: ಕೂಗು 260ಕ್ಕೆ ನಿಂತರೆ ಹರಾಜಿನವರ ಪಾಲು 25 ಪರ್ಸೆಂಟ್ ಅಂತ ಇಟ್ಟುಕೊಂಡರೂ 65. ತೆರಿಗೆ ಸುಮಾರು 20. ಗಾಜಿನ ಸಮೇತ ಜೋಪಾನವಾಗಿ ಕಳಿಸಲು 40. ಒಟ್ಟು 385. ಗೆಳತಿ 260 ಅಂತಲೇ ಲೆಕ್ಕ ಹಾಕಿದ್ದರು.

ನಿಮ್ಮ ನಾಯಿಯದೇ ಚಿತ್ರ

ಅವರ ಮನೆಯಲ್ಲೇ ಒಂದು ಸೆಟ್ಟರ್ ಇದೆ, ಅದರ ಮುಖವನ್ನೇ ಯಾಕೆ ಬರೆಸಬಾರದು ಅಂತ ಕೇಳಿದೆ. ಕಾಗದ ಹೊಸದು, ರೋಗವಿಲ್ಲ. ಚಿಂದಿ ಕಾಗದದಲ್ಲೇ ಬರೆಯಿರಿ ಅಂತ ಹೇಳಬಹುದು. ಮೋಸದ ಭಯ ಇಲ್ಲ. ಕಲಾವಿದರ ಕೈ, ಹೆಸರು ನೋಡಿ ಬೆಲೆ ನೂರಕ್ಕೂ ಇದೆ, ಸಾವಿರಕ್ಕೂ ಇದೆ. ಜನವರಿಯಲ್ಲಿ ಬೆಂಗಳೂರಿಗೆ ಹೋಗುವವರಾದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿ. ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದರು ಕೂತಿರುತ್ತಾರೆ, ಇದ್ದಿಲಲ್ಲಿ ಮುಖ ಬರೆಯುವವರನ್ನು ಅಲ್ಲೇ ಮಾತಾಡಿಸಿ ಕೈ ನೋಡಬಹುದು.

ಫೋಟೋ ಕೊಡುವಾಗ ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು, ಕಿಟಕಿಯ ಪಕ್ಕದ ಬೆಳಕಲ್ಲಿ ತೆಗೆಯಿರಿ. ಮೇಲಿಂದ ತೆಗೆದ ಫೋಟೋ ಕೊಟ್ಟರೆ ದೊಡ್ಡ ಮೂಗು, ಚಿಕ್ಕ ಕಾಲು ಬರುತ್ತದೆ. ಫ್ಲಾಶ್ ಬೇಡ. ಫೋಟೋವನ್ನು ಪ್ರಿಂಟ್ ಹಾಕಿ ಮೇಲೆ ಇದ್ದಿಲು ತೀಡುವವರು ಈಗಲೂ ಇದ್ದಾರೆ, ನೂರು ವರ್ಷದ ಹಿಂದಿನ ಏಜೆಂಟರ ಮೊಮ್ಮಕ್ಕಳು. ಅರ್ಧ ಆದಾಗ ಒಂದು ಫೋಟೋ ಕಳಿಸಿ ಅಂತ ಮೊದಲೇ ಮಾತಾಡಿಕೊಳ್ಳಿ.

ಇದರಲ್ಲಿ ಇಲ್ಲದ್ದು ಒಂದೇ, ಹಳತನ. ಯಾರೋ ಕಾಣದವರ ನಾಯಿ ನಿಮ್ಮ ಮನೆಗೆ ಬರುವ ವಿಚಿತ್ರ ಸುಖ ಇದರಲ್ಲಿ ಸಿಗುವುದಿಲ್ಲ.

ಯಾರಿಗೆ ಯಾವುದು

ನೂರೈವತ್ತರ ಒಳಗೆ ಇದ್ದರೆ ಸಹಿ ಇಲ್ಲದ ಇದ್ದಿಲಿನ ಚಿತ್ರ ಹುಡುಕಿ. ಎಸ್ಟೇಟ್ ಸೇಲ್‌ನ ಕೊನೆಯ ದಿನ ಅರ್ಧ ಬೆಲೆಗೆ ಇಳಿಸುವುದು ಮಾಮೂಲು. ಆರ್ಟ್ ಸ್ಕೂಲ್ ವಿದ್ಯಾರ್ಥಿ ಬರೆದದ್ದಾದರೂ ಸರಿ, ಕಾಗದ ಗಟ್ಟಿ ಇದ್ದು ಕಣ್ಣಲ್ಲಿ ಜೀವ ಇದ್ದರೆ ಸಾಕು. ಬೇಟೆನಾಯಿಗಳಿಗೆ ಬೇಡಿಕೆ ಜಾಸ್ತಿ, ಯಾವ ತಳಿ ಅಂತ ಹೇಳಲಾಗದ ಬೆರಕೆ ನಾಯಿಗೆ ಕಡಿಮೆ. ತಳಿಯ ಹಂಗಿಲ್ಲದವರಿಗೆ ಅದೇ ಲಾಭ. ಚಿತ್ರದ ಕೆಳಗೆ ನಾಯಿಯ ಹೆಸರು ಬರೆದಿದ್ದರೆ ನಾನು ಇಪ್ಪತ್ತು ಡಾಲರ್ ಜಾಸ್ತಿಯೇ ಕೊಡುತ್ತೇನೆ, ಇದಕ್ಕೆ ತರ್ಕ ಇಲ್ಲ.

ಉಡುಗೊರೆಗಾದರೆ ಎಚಿಂಗ್. ಕೊಟ್ಟವರೂ ನೆಮ್ಮದಿ, ತಗೊಂಡವರೂ ನೆಮ್ಮದಿ. ಪಡೆದವರು ಅದನ್ನು ಬಾತ್‌ರೂಮಿನ ಹೊರಗೋಡೆಗೆ ಹಾಕಿದರೂ ಶಾಯಿ ಉದುರಲಿಕ್ಕಿಲ್ಲ. ನಾಯಿ ವಯಸ್ಸಾಗಿರುವ ಮನೆಯವರಿಗೆ ನಾಲ್ಕನೆಯದು, ಅದೂ ತಡ ಮಾಡದೆ. ಸಂಗ್ರಹ ಶುರು ಮಾಡುವವರು ನ್ಯೂಯಾರ್ಕಿಗೆ ಹೋದಾಗ ಪಾರ್ಕ್ ಅವೆನ್ಯೂದಲ್ಲಿರುವ ಎಕೆಸಿ (ಅಮೆರಿಕನ್ ಕೆನೆಲ್ ಕ್ಲಬ್) ಮ್ಯೂಸಿಯಂ ಆಫ್ ದ ಡಾಗ್ ನೋಡಿ ಬನ್ನಿ. ಬಹಳ ವರ್ಷ ಸೇಂಟ್ ಲೂಯಿಸ್‌ನಲ್ಲಿದ್ದು 2019ರಲ್ಲಿ ಮತ್ತೆ ನ್ಯೂಯಾರ್ಕಿಗೆ ಬಂದಿದೆ. ಒಳ್ಳೆಯ ನಾಲ್ಕು ನಾಯಿ ನೋಡಿದ ಕಣ್ಣಿಗೆ ಆಮೇಲೆ ಸುಮಾರಾದದ್ದು ಹಿಡಿಸುವುದಿಲ್ಲ.

ಊರಿಗೆ, ಅದರಲ್ಲೂ ಮಲೆನಾಡು ಕರಾವಳಿ ಕಡೆಗೆ ತಗೊಂಡು ಹೋಗುವ ಯೋಚನೆ ಇದ್ದರೆ ಎರಡನೆಯದನ್ನು ಮರೆತುಬಿಡಿ. ಗಾಳಿಯ ತೇವ 65 ಪರ್ಸೆಂಟ್ ದಾಟಿದರೆ ಕಾಗದಕ್ಕೆ ಬೂಷ್ಟು ಹತ್ತುವ ಭಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಅದಕ್ಕಿಂತ ಕಡಿಮೆ ಇರುವ ದಿನ ಹುಡುಕಬೇಕು. ಇದ್ದಿಲಿನ ಚಿತ್ರವನ್ನು ಒಯ್ಯುವುದಾದರೆ ಫ್ರೇಮಿನ ಹಿಂದಿನ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ. ಹೊರಗೋಡೆಗೆ ಹಾಕಬೇಡಿ.

ಎಲ್ಲಿದ್ದರೂ ಇದ್ದಿಲಿಗೆ ಗಾಜೇ ಬೇಕು. ಹಗುರ ಅಂತ ಮಾಮೂಲಿ ಅಕ್ರಿಲಿಕ್ ಹಾಕಿಸಿದರೆ, ಒರೆಸಿದಾಗ ಹುಟ್ಟುವ ಸ್ಟ್ಯಾಟಿಕ್ ವಿದ್ಯುತ್ತು ಪುಡಿಯನ್ನು ಮೇಲೆಳೆಯುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ದಪ್ಪ ಮ್ಯಾಟ್ ಇರಲಿ. 'ಮೇಲೆ ಸ್ವಲ್ಪ ಫಿಕ್ಸೇಟಿವ್ ಹೊಡೆದುಬಿಡ್ಲಾ?' ಅಂತ, ಅಂದರೆ ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ, ಫ್ರೇಮಿನವರು ಕೇಳಿದರೆ ಬೇಡ ಅನ್ನಿ. ಹಳೇ ಚಿತ್ರದ ನಸುಬೂದಿ ಎಲ್ಲ ಗಾಢವಾಗಿ ಮಂಕಾಗುತ್ತದೆ. ಕಾರಿನಲ್ಲಿ ತರುವಾಗ ಮುಖ ಮೇಲೆ ಮಾಡಿ ಮಲಗಿಸಿ, ಗಾಜಿನ ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪ್ ಹಚ್ಚಿ. ಗಾಜು ಒಡೆದರೂ ಚೂರು ನಾಯಿಯ ಮೇಲೆ ಬೀಳುವುದಿಲ್ಲ.

ಗೆಳತಿ ಭಾನುವಾರ ಮಧ್ಯಾಹ್ನ ಅಂಗಡಿಯಿಂದಲೇ ಫೋನ್ ಮಾಡಿದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಭೂತಗನ್ನಡಿ. "ಚುಕ್ಕೆ ಸಾಲಾಗಿಲ್ಲ. ಕೆಳಗೆ ಕಪ್ಪು ಪುಡಿ ಇದೆ. ಟಾರ್ಚ್ ಹಾಕಿದ್ರೆ ಹೊಳೀತಿಲ್ಲ. ಹಿಂದೆ ಲೇಬಲ್‌ನಲ್ಲಿ ಟೊಲಿಡೊ ಅಂತ ಬರೆದು ಮುಂದೆ ಎರಡು ಅಂಕಿ ಇದೆ." ಅಂದರೆ ಚಿತ್ರ 1931ರದ್ದಾದರೆ ಈ ಫ್ರೇಮು ಹತ್ತು ಹನ್ನೆರಡು ವರ್ಷವಾದರೂ ಆಮೇಲಿನದು. ಯಾರೋ ಆ ನಾಯಿಯನ್ನು ಅಷ್ಟು ಕಾಲ ಇಟ್ಟುಕೊಂಡು, ಎರಡನೇ ಸಲ ದುಡ್ಡು ಖರ್ಚು ಮಾಡಿ ಫ್ರೇಮು ಹಾಕಿಸಿದ್ದಾರೆ. ತಗೊಳ್ಳಿ ಅಂದೆ. 290ಕ್ಕೆ ಒಪ್ಪಿಸಿ ತಂದರು.

ಸೆಟ್ಟರ್ ಈಗ ಅವರ ಮನೆಯ ಒಳಕೋಣೆಯಲ್ಲಿ, ಹೊಸ ಗಾಜಿಗೆ ಕಾಯುತ್ತಿದೆ. ನಿನ್ನೆ ಇನ್ನೊಂದು ಫೋಟೋ ಬಂತು. ಮೊಟ್ಟೆ ಫ್ರೇಮಿನ ಹುಡುಗ ಮತ್ತು ನಾಯಿ ಇನ್ನೂ ಅಲ್ಲೇ ಇದ್ದಾರಂತೆ. ಬೆಲೆ 140ಕ್ಕೆ ಇಳಿಸಿದ್ದಾರಂತೆ.